ಉಸಿರಿಗೆಂದು ಮಾಡಿದ ಕುರ್ಚಿ

ಕಾಫಿ ಅಂಗಡಿಯ ಮಾಲೀಕನಿಗೆ ಅದು ಕ್ಷಯರೋಗಿಗಳ ಕುರ್ಚಿ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಆರ್ಡರು ಅಲ್ಲೇ ಖಲಾಸ್ ಆಗುತ್ತಿತ್ತು. ಆತ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, ಕುವೈತಿನ ಫಿಂಟಾಸ್‌ನ ಸಮುದ್ರದಂಡೆಯಲ್ಲಿ ತೆರೆಯಲಿರುವ ತನ್ನ ಅಂಗಡಿಗೆ ಇಂಥವೇ ಹನ್ನೆರಡು ಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂದ. ನಾನು ಶುವೈಖ್‌ನ ಒಂದು ಪೀಠೋಪಕರಣದ ಕಾರ್ಖಾನೆಯಲ್ಲಿ ಡಿಸೈನರ್. ಚಿತ್ರ ನೋಡಿದ ಕೂಡಲೇ ಗುರುತು ಹಿಡಿದೆ. ಕಾಲೇಜಿನಲ್ಲಿ ಆ ಕುರ್ಚಿಯ ಮೇಲೆ ಹದಿನೈದು ಪುಟ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದವಳು ನಾನು. ಆ ಜಂಬ ಇನ್ನೂ ಇಳಿದಿರಲಿಲ್ಲ.

ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಯುರೋಪಿನ ವಿನ್ಯಾಸಕಾರರಿಗೆ ಧೂಳೆಂದರೆ ಪ್ರಾಣಭಯ. ಕ್ಷಯಕ್ಕೆ ಮದ್ದಿರಲಿಲ್ಲ. ಬಿಸಿಲು, ಗಾಳಿ, ವಿಶ್ರಾಂತಿ, ಚಿಕಿತ್ಸೆ ಅಂದರೆ ಇಷ್ಟೇ. ಹಾಗಾಗಿ ಅವರು ಕೆತ್ತನೆಯನ್ನು ಕಿತ್ತುಹಾಕಿದರು, ದಪ್ಪ ಪರದೆಗಳನ್ನು ಇಳಿಸಿದರು, ಗೋಡೆಗೆ ಬಿಳಿ ಬಳಿದರು, ಕಿಟಕಿಯನ್ನು ಗೋಡೆಯುದ್ದಕ್ಕೂ ಎಳೆದರು. ಜರ್ಮನಿಯಲ್ಲಿ ಉಕ್ಕಿನ ಕೊಳವೆ ಬಗ್ಗಿಸಿ ಹಿಂಗಾಲಿಲ್ಲದ ಕುರ್ಚಿ ಮಾಡಿದರು. ಉತ್ತರದ ಹಿಮದ ದೇಶವೊಂದರಲ್ಲಿ ಉಕ್ಕು ಮೈಗೆ ಕೊರೆಯುತ್ತದೆ ಎಂದು ಬರ್ಚ್ ಮರದ ತೆಳು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಬಗ್ಗಿಸಿದರು. ಅಲ್ಲಿನ ಒಂದು ಕ್ಷಯ ಆಸ್ಪತ್ರೆಯಲ್ಲಿ, ಸದಾ ಮಲಗಿರುವವರ ಕಣ್ಣಿಗೆ ತಂಪಾಗಲೆಂದು ಚಾವಣಿಗೆ ಹಸಿರು ಬಳಿದಿದ್ದರು. ಪಕ್ಕದ ಮಂಚದವರಿಗೆ ಎಚ್ಚರವಾಗದಿರಲೆಂದು ನೀರು ಸದ್ದಿಲ್ಲದೆ ಬೀಳುವ ಬೇಸಿನ್ ಮಾಡಿದ್ದರು. ಬೆನ್ನನ್ನು ಎಷ್ಟು ಹಿಂದಕ್ಕೆ ಒರಗಿಸಿದರೆ ರೋಗಿಯ ಎದೆ ತೆರೆದುಕೊಂಡು ಉಸಿರು ಸುಲಭವಾದೀತು ಎಂದು ಯೋಚಿಸಿ ಈ ಕುರ್ಚಿ ಮಾಡಿದ್ದರು. ಕಟ್ಟಡವೇ ಔಷಧ ಎಂದು ನಂಬಿದ್ದ ಜನ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣು ಒದ್ದೆಯಾಗುತ್ತಿತ್ತು.

ಅಷ್ಟು ಒರಗಿ ಕೂತು ಕಾಫಿ ಕುಡಿಯುವುದೆಂದರೆ ಅಂಗಿಯ ಮೇಲೆ ಚೆಲ್ಲಿಕೊಳ್ಳುವುದೇ ಸೈ. ಅಷ್ಟನ್ನು ಮಾತ್ರ ಮಾಲೀಕನಿಗೆ ಹೇಳಿ ನೋಡಿದೆ. ಆತ ನಕ್ಕು, ಜನ ಬರುವುದು ಫೋಟೊ ತೆಗೆಸಿಕೊಳ್ಳಲು, ಕಾಫಿ ನೆಪ ಎಂದ.

ಆ ಹಾಳೆಗಳನ್ನು ಬಗ್ಗಿಸಬಲ್ಲವರು ನಮ್ಮಲ್ಲಿ ಒಬ್ಬರೇ. ಕಾರ್ಕಳದ ಕಡೆಯ ಬಡಗಿ. ವಯಸ್ಸು ಐವತ್ತು ದಾಟಿತ್ತು, ಕುವೈತಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಕಾರ್ಖಾನೆಯಲ್ಲಿ ಕನ್ನಡ ಬಲ್ಲವರೆಲ್ಲ ಅವರನ್ನು ಆಚಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನಾನು ಮೈಸೂರಿನವಳು. ನೀವು ಪುಸ್ತಕ ಓದಿದ ಹಾಗೆ ಮಾತಾಡುತ್ತೀರಿ ಎಂದು ನಾನು ಕೀಟಲೆ ಮಾಡಿದರೆ, ನೀವು ಅರ್ಧ ಅಕ್ಷರ ನುಂಗುತ್ತೀರಿ ಎಂದು ಅವರು ತಿರುಗಿಸಿ ಕೊಡುತ್ತಿದ್ದರು. ಅವರ ಅಪ್ಪ ದೇವಸ್ಥಾನದ ಬಾಗಿಲುಗಳಿಗೆ ಕೆತ್ತನೆ ಮಾಡಿದವರು. ನನ್ನ ನಕ್ಷೆ ನೋಡಿ ಇವರು ಮೂಗು ಮುರಿದರು.

“ಇದ್ರಲ್ಲಿ ಕೆತ್ಲಿಕ್ಕೆ ಎಂತದೂ ಇಲ್ವಲ್ಲ ಮೇಡಂ? ಬರೀ ಬೋಳು.”

“ಬೋಳಾಗೇ ಇರ್ಬೇಕು ಆಚಾರ್ರೇ. ಕೆತ್ತಿದ್ರೆ ಧೂಳು ಕೂರತ್ತೆ.”

“ಕೂತ್ರೆ ಒರೆಸ್ಲಿಕ್ಕೆ ಮನೆಯಲ್ಲಿ ಜನ ಇಲ್ವಾ ಅವ್ರಿಗೆ?”

ಆದರೆ ಕೆಲಸಕ್ಕೆ ಕೂತ ಮೇಲೆ ಬೋಳು ಎಷ್ಟು ಕಷ್ಟ ಎಂದು ಅವರಿಗೇ ಗೊತ್ತಾಯಿತು. ಕೂರುವ ಜಾಗ, ಒರಗುವ ಬೆನ್ನು ಎರಡೂ ಒಂದೇ ಹಾಳೆ. ಅದರ ಎರಡು ತುದಿಗಳೂ ಸುರುಳಿಯಾಗಿ ಒಳಕ್ಕೆ ಸುತ್ತಿಕೊಳ್ಳಬೇಕು. ಆ ಸುರುಳಿಯಿಂದಲೇ ಕುರ್ಚಿ ಮೆತ್ತಗೆ ಸ್ಪ್ರಿಂಗಿನಂತೆ ಏಳುವುದು, ಬೀಳುವುದು. ನಮ್ಮ ಒಣ ಹವೆಯಲ್ಲಿ, ಮೇಲಿಂದ ಏಸಿಯೂ ಓಡುವಾಗ, ಹಾಳೆ ಅರ್ಧ ಬಗ್ಗುವಷ್ಟರಲ್ಲಿ ಸೀಳುತ್ತಿತ್ತು. ಆಚಾರ್ರು ಹಾಳೆಗಳಿಗೆ ಒದ್ದೆ ಗೋಣಿ ಹೊದಿಸಿ ಇಡೀ ದಿನ ಇಟ್ಟರು. ಅಚ್ಚಿನ ಮೇಲೆ ಕೂರಿಸಿ ಕ್ಲ್ಯಾಂಪುಗಳನ್ನು ಒಂದೊಂದೇ ಸುತ್ತು ಬಿಗಿಸುವಾಗ ಮರಕ್ಕೆ ಕಿವಿ ಆನಿಸಿ ಕೇಳುತ್ತಿದ್ದರು. ಸೀಳುವ ಮೊದಲು ಮರ ಒಂದು ಸಣ್ಣ ಸದ್ದು ಮಾಡುತ್ತದಂತೆ. ಅದು ಕೇಳಿದ ಕೂಡಲೇ ಕೈ ನಿಲ್ಲಿಸಿ, ಅರ್ಧ ಸುತ್ತು ಸಡಿಲಿಸಿ, ಬೀಡಿ ಸೇದಲು ಹೊರಗೆ ಹೋಗುವಷ್ಟು ಹೊತ್ತು ಬಿಟ್ಟು ಮತ್ತೆ ಬಿಗಿಸುತ್ತಿದ್ದರು. ಬೀಡಿ ಮಾತ್ರ ಸೇದುತ್ತಿರಲಿಲ್ಲ. ಬಿಟ್ಟು ಒಂದು ವರ್ಷವಾಯಿತು ಎಂದರು. ಏಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ.

ಅವರಿಗೆ ಒಂದು ನೇಮವಿತ್ತು. ಗಿರಾಕಿ ಕೂರುವ ಮೊದಲು ಮಾಡಿದವನು ಆ ಕುರ್ಚಿಯಲ್ಲಿ ಕೂರಬಾರದು. ಅಪ್ಪ ಹೇಳಿಕೊಟ್ಟದ್ದಂತೆ. ಗಟ್ಟಿಯಿದೆಯೇ ಎಂದು ನೋಡಬೇಕಾದಾಗ ನನ್ನನ್ನೋ ಪ್ಯಾಕಿಂಗಿನವರನ್ನೋ ಕೂರಿಸಿ, ಇವರು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಾಲುಗಳನ್ನು ನೋಡುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದವರಲ್ಲ ಎಂದು ಕಾರ್ಖಾನೆಯ ಹಳಬರು ಹೇಳುತ್ತಿದ್ದರು.

ಜನವರಿಯ ಕೊನೆಗೆ ಮೊದಲ ಕುರ್ಚಿ ಸಿದ್ಧವಾಯಿತು. ಮರುದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದಾಗ ಅಳತೆ ಪಟ್ಟಿ ಮರೆತೆನೆಂದು ನಾನು ಕೆಳಗೆ ಬಂದೆ. ಆಚಾರ್ರು ಆ ಕುರ್ಚಿಯಲ್ಲಿ ಕೂತಿದ್ದರು. ಬಾಯಿ ತೆರೆದು ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಊಟದ ಡಬ್ಬಿ ಮುಚ್ಚಿದಂತೇ ಇತ್ತು.

“ಏನ್ ಆಚಾರ್ರೇ, ಅಪ್ಪನ ಮಾತು ಮರೆತ್ರಾ?” ಎಂದೆ.

ಅವರು ದಡಬಡಿಸಿ ಎದ್ದರು. ಎದ್ದ ರಭಸಕ್ಕೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲಿಲ್ಲ. ಕೈವಸ್ತ್ರ ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದರು.

“ತಪ್ಪಾಯ್ತು ಮೇಡಂ. ಇದ್ರಲ್ಲಿ ಕೂತ್ರೆ ಉಸಿರು ಸಲೀಸು ಬರ್ತದೆ. ಮಲಗಿದ್ರೆ ಬರುದಿಲ್ಲ.”

ನನ್ನ ನಗು ಅಲ್ಲಿಗೇ ನಿಂತಿತು. ಆ ಇಡೀ ಕಾರ್ಖಾನೆಯಲ್ಲಿ, ಪ್ರಾಯಶಃ ಇಡೀ ಶುವೈಖ್‌ನಲ್ಲಿ, ಆ ಮಾತಿನ ಅರ್ಥ ಆಗಬಹುದಾಗಿದ್ದವಳು ನಾನೊಬ್ಬಳೇ. ಉಳಿದವರಿಗೆ ಅದು ಆರಾಮ ಕುರ್ಚಿ. ಅದು ಯಾರ ಎದೆಗೆಂದು ಮಾಡಿದ್ದು ಎಂದು ನನಗೆ ಗೊತ್ತಿತ್ತು. ಆಮೇಲೆ ಅವರನ್ನು ನೋಡಿದರೆ ಎಲ್ಲವೂ ಕಾಣತೊಡಗಿತು. ಬೆಲ್ಟಿಗೆ ಹೊಸದಾಗಿ ಹೊಡೆದ ಎರಡು ತೂತು, ಸಂಜೆಯಾಗುತ್ತಲೇ ಹೊಳೆಯುವ ಕಣ್ಣು, ಏಸಿಯ ಕೆಳಗೂ ಕುತ್ತಿಗೆಯಲ್ಲಿ ಬೆವರು. ಮರದ ಧೂಳಿಗೆ ಕೆಮ್ಮು ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ.

ಎರಡು ದಿನ ತಡೆದುಕೊಂಡು ನನ್ನ ಕೋಣೆಗೆ ಕರೆದು ನೇರವಾಗಿ ಕೇಳಿದೆ. ಅವರು ಬಾಗಿಲು ಹಾಕಿಬಂದರು.

“ಹೋದ ಸಲ ರಜೆಯಲ್ಲಿ ಹೋದಾಗ ಡಾಕ್ಟ್ರು ಹೇಳಿದ್ದು. ಆರು ತಿಂಗಳು ಮಾತ್ರೆ ತಿನ್ಬೇಕು ಅಂತ. ಒಂದೂವರೆ ತಿಂಗಳು ಅಲ್ಲಿ ತಿಂದೆ. ಉಳಿದದ್ದು ಬಿಸ್ಕೀಟಿನ ಡಬ್ಬಿಯಲ್ಲಿ ಹಾಕಿ ತಂದೆ.”

“ಮತ್ತೆ?”

“ಆ ಮಾತ್ರೆ ತಿಂದ್ರೆ ಮೂತ್ರ ಕೆಂಪಗೆ ಹೋಗ್ತದೆ ಮೇಡಂ. ರೂಮಲ್ಲಿ ನಾವು ಏಳು ಜನ, ಕಕ್ಕಸು ಒಂದೇ. ಒಂದು ದಿನ ಒಬ್ರು ಕೇಳಿದ್ರು, ರಕ್ತ ಹೋಗ್ತದಾ ನಿಮಗೆ ಅಂತ. ಹೆದರಿಕೆ ಆಯ್ತು. ಬಿಟ್ಟುಬಿಟ್ಟೆ. ಆಗ ಹುಷಾರೂ ಆಗಿದ್ದೆ.”

ನನಗೆ ರೇಗಿಹೋಯಿತು. “ಮೂತ್ರದ ಬಣ್ಣಕ್ಕೆ ಹೆದರಿ ಜೀವ ಕಳ್ಕೊತೀರೇನ್ರೀ? ಇಲ್ಲೇ ಆಸ್ಪತ್ರೆಗೆ ಹೋಗ್ಬೇಕಿತ್ತು.”

“ಗೊತ್ತಾದ್ರೆ ಇಲ್ಲಿ ಇರ್ಲಿಕ್ಕೆ ಕೊಟ್ಟ ಇಕಾಮಾ ಕ್ಯಾನ್ಸಲ್. ವಿಮಾನ ಹತ್ತಿಸ್ತಾರೆ, ಮತ್ತೆ ಈ ಬದಿಗೆ ಕಾಲಿಡ್ಲಿಕ್ಕೆ ಬಿಡುದಿಲ್ಲ ಅಂತಾರೆ. ಯಾರಿಗೂ ಹೇಳ್ಬೇಡಿ ಮೇಡಂ, ನಿಮ್ಮ ಕಾಲು ಹಿಡೀತೇನೆ. ರಜೆಗೆ ಬರೆದು ಕೊಟ್ಟಿದ್ದೇನೆ. ಸಿಕ್ಕಿದ ಕೂಡ್ಲೆ ಊರಿಗೆ ಹೋಗಿ ಪುನಃ ಶುರು ಮಾಡ್ತೇನೆ. ಕಂಪೆನಿಯವ್ರು ಈಗ ಆಗುದಿಲ್ಲ ಅಂದಿದ್ದಾರೆ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸಿಕ್ಕಿಬಿದ್ದರೆ ವಾಪಸ್ ಎಂದು ಆಚಾರ್ರಂಥವರು ಇರುವ ಅಬ್ಬಾಸಿಯಾದ ರೂಮುಗಳಲ್ಲಿ ಎಲ್ಲರೂ ಹೇಳುವ ಮಾತು. ಅದೆಷ್ಟು ನಿಜವೆಂದು ಅವರು ಯಾರನ್ನೂ ವಿಚಾರಿಸಿರಲಿಲ್ಲ, ನಾನೂ ವಿಚಾರಿಸಲಿಲ್ಲ. ಒಂದು ಫೋನಿನ ಕೆಲಸ.

ಕಂಪೆನಿಯವರು ಎಂದು ಅವರು ಅಂದದ್ದು ನನ್ನನ್ನೇ. ಅವರಿಗದು ಗೊತ್ತಿರಲಿಲ್ಲ. ರಜೆಯ ಅರ್ಜಿ ಬಂದಾಗ ಮ್ಯಾನೇಜರ್ ಅದನ್ನು ನನ್ನ ಮೇಜಿಗೆ ಕಳಿಸಿ, ಈ ಮನುಷ್ಯನನ್ನು ಬಿಡಬಹುದೇ ಎಂದು ಕೇಳಿದ್ದರು. ಹನ್ನೆರಡು ಕುರ್ಚಿ ಮುಗಿಯುವವರೆಗೆ ಸಾಧ್ಯವಿಲ್ಲ ಎಂದು ಬರೆದು ಸಹಿ ಹಾಕಿದವಳು ನಾನು. ಆಗ ನನಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ, ಅದು ಸರಿ. ಆದರೆ ಈಗ ಗೊತ್ತಾಗಿತ್ತು. ಒಂದು ಮಹಡಿ ಹತ್ತಿ ಮ್ಯಾನೇಜರ್ ಬಳಿ ಹೋಗಿ, ಬಿಡಿ, ಹೋಗಿಬರಲಿ ಎಂದರೆ ಅದೇ ವಾರ ಅವರು ವಿಮಾನದಲ್ಲಿರುತ್ತಿದ್ದರು. ಗುಟ್ಟೂ ಉಳಿಯುತ್ತಿತ್ತು, ಜೀವವೂ ಉಳಿಯುತ್ತಿತ್ತು. ನಾನು ಹತ್ತಲಿಲ್ಲ. ಆಚಾರ್ರು ಹೋದರೆ ಸುರುಳಿ ಬಗ್ಗಿಸುವವರು ಯಾರೂ ಇರಲಿಲ್ಲ. ಕಾಲೇಜಿನಿಂದ ಪ್ರೀತಿಸಿದ ಕುರ್ಚಿ ನನ್ನ ಕೈಯಲ್ಲಿ ಹುಟ್ಟುತ್ತಿತ್ತು, ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಎರಡು ತಿಂಗಳಲ್ಲಿ ಏನಾಗಿಬಿಡುತ್ತದೆ ಎಂದುಕೊಂಡೆ.

ಮರುದಿನ ನಾನು ಮಾಡಿದ ಮೊದಲ ಕೆಲಸ, ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿ ನನ್ನ ಎದೆಯ ಎಕ್ಸ್‌ರೇ ತೆಗೆಸಿಕೊಂಡದ್ದು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನನ್ನ ಗಂಡ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರ್. ಅವರಿಗೆ ಬೆನ್ನುನೋವು ಎಂದು ಸುಳ್ಳು ಹೇಳಿದೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಆದರೂ ಆಮೇಲೆ ಮನೆಗೆ ಬಂದ ಕೂಡಲೇ ಸ್ನಾನ ಮಾಡದೆ ಮಗಳನ್ನು ಹತ್ತಿರ ಬಿಡುತ್ತಿರಲಿಲ್ಲ. “ವೈ ಆರ್ ಯು ಸೋ ವಿಯರ್ಡ್ ಅಮ್ಮ?” ಎಂದು ಅವಳು ಮುನಿಸಿಕೊಂಡಳು. ನನ್ನ ಮಗಳನ್ನು ಕಾಪಾಡಿಕೊಳ್ಳುವಷ್ಟು ನನಗೆ ತಿಳಿದಿತ್ತು. ಆ ರೂಮಿನ ಉಳಿದ ಆರು ಜನರ ನೆನಪೇ ನನಗಾಗಲಿಲ್ಲ.

ನಾಲ್ಕನೆಯ ಕುರ್ಚಿಯ ಸುರುಳಿಯಲ್ಲಿ ಕೂದಲಿನಷ್ಟು ಸೀಳು ಬಂತು. ಗಿರಾಕಿಗೆ ಕೊಡುವಂತಿರಲಿಲ್ಲ. ಅದನ್ನು ನೋಡುತ್ತಾ ನಿಂತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಎಷ್ಟು ಖುಷಿಯಾಯಿತೆಂದರೆ ಕಾರಿಡಾರಿನಲ್ಲಿ ಬಹುತೇಕ ಓಡಿದೆ. ಗೇಟ್ ಪಾಸ್ ಬರೆಸಿ, ಒಂದು ಹಾಫ್ ಲಾರಿಯಲ್ಲಿ ಆ ಕುರ್ಚಿಯನ್ನು ಆಚಾರ್ರ ಜೊತೆಗೇ ಅಬ್ಬಾಸಿಯಾಕ್ಕೆ ಕಳಿಸಿದೆ.

“ಇನ್ಮೇಲೆ ಮಂಚದಲ್ಲಿ ಮಲಗ್ಬೇಡಿ. ಇದ್ರಲ್ಲೇ ಒರಗಿ ನಿದ್ದೆ ಮಾಡಿ,” ಎಂದೆ.

ಅವರ ಕಣ್ಣು ತುಂಬಿತು. “ನಿಮಗೆ ದೇವ್ರು ಒಳ್ಳೇದು ಮಾಡ್ಲಿ ಮೇಡಂ,” ಎಂದರು.

ಹತ್ತು ಹದಿನೈದು ದಿನ ಅವರು ಚೆನ್ನಾಗಿಯೇ ಇದ್ದರು. ನಿದ್ದೆ ಬರುತ್ತದೆ, ಎದೆ ಹಗುರ ಎಂದರು. ನಾನು ಉಬ್ಬಿಹೋದೆ. ಊಟದ ಹೊತ್ತಿನಲ್ಲಿ ಆ ಹಿಮದ ದೇಶದ ಆಸ್ಪತ್ರೆಯ ಕಥೆಯನ್ನೆಲ್ಲ ಹೇಳಿದೆ. ಹಸಿರು ಚಾವಣಿ, ಸದ್ದಿಲ್ಲದ ನೀರು, ಪೈನ್ ಮರಗಳ ಕಡೆಗೆ ತೆರೆದ ಉದ್ದನೆಯ ಬಾಲ್ಕನಿ, ಅಲ್ಲಿ ಸಾಲಾಗಿ ಕಂಬಳಿ ಹೊದ್ದು ಕೂತ ಜನ. ಅವರು ತಮ್ಮ ಅಂಗೈಯ ಅಂಟನ್ನು ಉಗುರಿನಿಂದ ಕೆರೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

“ಹಾಗೆ ಕೂತವ್ರೆಲ್ಲ ಗುಣ ಆದ್ರಾ ಮೇಡಂ?”

ನನ್ನ ಹದಿನೈದು ಪುಟಗಳಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಲ್ಲಿ ಎಷ್ಟು ಜನ ಬದುಕಿದರು, ಎಷ್ಟು ಜನರನ್ನು ಹಿಂಬಾಗಿಲಿನಿಂದ ಸಾಗಿಸಿದರು ಎಂದು ತಿಳಿಯಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. “ತುಂಬ ಜನ ಆದ್ರು,” ಎಂದೆ.

ಮಾರ್ಚಿನಲ್ಲಿ ಎರಡು ಹಾಳೆಗಳು ಒಂದಾದ ಮೇಲೊಂದು ಸೀಳಿದವು. ಆಚಾರ್ರು ಮರಕ್ಕೆ ಕಿವಿಯಿಟ್ಟೇ ಬಿಗಿಸುತ್ತಿದ್ದರು, ಆದರೆ ಅವರ ಎದೆಯೊಳಗಿನ ಗೊರಗೊರ ಈಗ ಎಷ್ಟು ಜೋರಾಗಿತ್ತೆಂದರೆ ಮರದ ಸದ್ದು ಅವರಿಗೆ ಕೇಳುತ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ, ನನಗೂ ಅದೇ ಕೇಳುತ್ತಿತ್ತು. ಮೂರನೆಯ ಸಲ ಅವರು ಬಾಯಿ ಮುಚ್ಚಿ, ಉಸಿರು ಬಿಗಿಹಿಡಿದು ಕ್ಲ್ಯಾಂಪು ತಿರುಗಿಸಿದರು. ಹಾಳೆ ಬಗ್ಗಿತು. ಅವರು ನೆಲದ ಮೇಲೆ ಕೂತುಬಿಟ್ಟರು. ಆ ಗಳಿಗೆಯಲ್ಲೂ ನಾನು ಮಹಡಿ ಹತ್ತಬಹುದಿತ್ತು. ಇನ್ನು ಮೂರೇ ಉಳಿದಿವೆ ಆಚಾರ್ರೇ ಎಂದು ಧೈರ್ಯ ಹೇಳಿದೆ.

ಅದಾಗಿ ನಾಲ್ಕನೆಯ ದಿನ ಶುಕ್ರವಾರ. ರಜಾ ದಿನದ ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ಆಚಾರ್ರ ಫೋನಿನಿಂದ ಕರೆ ಬಂತು. ಮಾತಾಡಿದವರು ಅವರ ರೂಮಿನವರೊಬ್ಬರು, ಒಂದು ಹೋಟೆಲಿನಲ್ಲಿ ಅಡುಗೆ ಮಾಡುವವರು. ಆಚಾರ್ರು ರಕ್ತ ಕಾರಿಕೊಂಡಿದ್ದಾರೆ, ಬಾಲ್ದಿಯಲ್ಲಿ ಹಿಡಿದರೂ ನಿಲ್ಲುತ್ತಿಲ್ಲ ಎಂದರು. ಹೆದರಿ ಯಾರೂ ಆಂಬುಲೆನ್ಸಿಗೆ ಫೋನ್ ಮಾಡಿರಲಿಲ್ಲ. ನಾನು ಮಾಡಿದೆ.

ಆಸ್ಪತ್ರೆಯಲ್ಲಿ ವೀಸಾ ಯಾವುದು, ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಯಾರು ಎಂದು ಯಾರೂ ಕೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಚಿಕಿತ್ಸೆ ಶುರು ಮಾಡಿದರು. ಸಂಜೆ ಒಬ್ಬ ಡಾಕ್ಟರ್, ನನ್ನ ವಯಸ್ಸಿನ ಹೆಂಗಸು, ಹೊರಗೆ ಬಂದು ಎಷ್ಟು ದಿನದಿಂದ ಹೀಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ರೂಮಿನವರು ನನ್ನ ಮುಖ ನೋಡಿದರು. ನಾನು ಸರಿಯಾಗಿ ಗೊತ್ತಿಲ್ಲ ಎಂದೆ. ಎರಡು ತಿಂಗಳ ಹಿಂದೆ ಕರೆತಂದಿದ್ದರೆ ನಡೆದುಕೊಂಡು ಮನೆಗೆ ಹೋಗುತ್ತಿದ್ದರು ಎಂದು ಅವಳು ಹೇಳಿದಳು. ಬೈದ ಧ್ವನಿಯಲ್ಲ, ತುಂಬ ಸುಸ್ತಾದವಳ ಧ್ವನಿ.

ಆಚಾರ್ರು ಹನ್ನೊಂದು ದಿನ ಬದುಕಿದ್ದರು. ನಾನು ಎರಡು ಸಲ ಹೋಗಿ ಮಾಸ್ಕ್ ಹಾಕಿಕೊಂಡು ಗಾಜಿನ ಈಚೆ ನಿಂತು ಬಂದೆ. ಎರಡನೆಯ ಸಲ ಅವರು ನನ್ನನ್ನು ಗುರುತಿಸಿ ಮೂರು ಬೆರಳು ತೋರಿಸಿದರು. ಮೂರು ಕುರ್ಚಿ ಬಾಕಿಯಿದೆ ಎಂದು. ನಾನು ಪರವಾಗಿಲ್ಲ ಎಂದು ಕೈಯಾಡಿಸಿದೆ. ಕಾರಿಗೆ ಬಂದು ಗೋಳೋ ಎಂದು ಅತ್ತೆ. ಗಂಡ ಏನೂ ಕೇಳದೆ ಗಾಡಿ ಓಡಿಸಿದರು.

ದೇಹವನ್ನು ಮಂಗಳೂರಿನ ವಿಮಾನಕ್ಕೆ ಹಾಕಿದ ಮೇಲೆ ಅವರ ಸಾಮಾನು ತೆಗೆದುಕೊಳ್ಳಲು ಅಬ್ಬಾಸಿಯಾಕ್ಕೆ ಹೋದೆ. ಆ ರೂಮನ್ನು ನಾನು ನೋಡಿದ್ದು ಅದೇ ಮೊದಲು. ಎರಡು ಸಾಲು ಮಂಚ, ಒಂದರ ಮೇಲೊಂದು. ಇರುವ ಒಂದೇ ಕಿಟಕಿಗೆ ಧೂಳು ಬಾರದಂತೆ, ಏಸಿಯ ತಂಪು ಹೋಗದಂತೆ ಸುತ್ತಲೂ ಟೇಪು ಅಂಟಿಸಿದ್ದರು. ಕುರ್ಚಿ ನಟ್ಟನಡುವೆ ಇತ್ತು. ಕೂತವರ ಬಾಯಿ ಕೆಳಗಿನ ಮಂಚಗಳಲ್ಲಿ ಮಲಗಿದವರ ತಲೆಯಿಂದ ಎರಡು ಮೊಳ ದೂರ. ಫೋನ್ ಮಾಡಿದ್ದ ಅಡುಗೆಯವರು ಆಚಾರ್ರ ಪೆಟ್ಟಿಗೆಯನ್ನು ಎತ್ತಿ ಕೊಟ್ಟರು.

“ಭಾರಿ ಲಾಯ್ಕದ ಕುರ್ಚಿ ಮೇಡಂ. ಅವರು ಕೆಲಸಕ್ಕೆ ಹೋದ ಮೇಲೆ ನಾವು ಒಬ್ಬೊಬ್ರೇ ಕೂರ್ತಿದ್ದೆವು,” ಎಂದು ಹೇಳಿ ಮೊಣಕೈಯೊಳಗೆ ಕೆಮ್ಮಿದರು. ರೂಮಿನ ಎಲ್ಲರ ಪರೀಕ್ಷೆಯಾಗಿತ್ತು. ಕಾಯಿಲೆ ಕಂಡದ್ದು ಅವರೊಬ್ಬರಲ್ಲಿ, ಮಾತ್ರೆ ಶುರುವಾಗಿತ್ತು. ಅವರಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಲು ಕಾರಣವಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ.

ಆ ಹಿಮದ ದೇಶದವರನ್ನು ನಾನು ದೂರುವುದಿಲ್ಲ. ಅವರ ಬಳಿ ಮಾತ್ರೆ ಇರಲಿಲ್ಲ, ಕುರ್ಚಿ ಕೊಟ್ಟರು. ನನ್ನ ಹತ್ತಿರದಲ್ಲೇ ಮಾತ್ರೆ ಇತ್ತು, ನಾನೂ ಕುರ್ಚಿ ಕೊಟ್ಟೆ.

ಹದಿನೈದು ದಿನದ ಮೇಲೆ ಊರಿನಿಂದ ಅವರ ಹೆಂಡತಿ ಫೋನ್ ಮಾಡಿದರು. ಪೆಟ್ಟಿಗೆ ತಲುಪಿತು ಎಂದು ತಿಳಿಸಲು. ಅತ್ತೂ ಅತ್ತೂ ಧ್ವನಿ ಒಡೆದಿತ್ತು, ಆದರೆ ಮಾತು ಸಮಾಧಾನವಾಗಿತ್ತು.

“ಅಕ್ಕ, ಅವರು ಫೋನಲ್ಲಿ ನಿಮ್ಮ ವಿಷಯ ಹೇಳ್ತಿದ್ರು. ಮಲಗ್ಲಿಕ್ಕೆ ಆಗುದಿಲ್ಲ ಅಂತ ನೀವು ಕುರ್ಚಿ ಕಳಿಸಿದ್ದು ಎಲ್ಲ ಹೇಳಿದ್ರು. ಒಂದು ಕೇಳ್ಬೇಕಿತ್ತು. ಜನವರಿಯಲ್ಲೇ ಬರ್ತೇನೆ ಅಂದಿದ್ರು. ರಜೆಗೆ ಬರೆದು ಕೊಟ್ಟಿದ್ರಂತೆ. ಯಾಕೆ ಕೊಡ್ಲಿಲ್ಲ?”

ಮಗಳು ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ನಾನು ಎದ್ದು ಬಾಲ್ಕನಿಗೆ ಬಂದೆ. ಹೇಳಬೇಕೆಂದು ನಿಜವಾಗಿಯೂ ಬಾಯಿ ತೆರೆದೆ.

“ಕಂಪೆನಿಯವ್ರು ಕೊಡ್ಲಿಲ್ಲಮ್ಮ,” ಎಂದೆ.

“ಅವ್ರಿಗೆ ಎಂದಿಗೂ ಒಳ್ಳೇದಾಗ್ಲಿಕ್ಕಿಲ್ಲ,” ಎಂದರು. “ನೀವು ನೂರು ಕಾಲ ಚೆನ್ನಾಗಿರಿ ಅಕ್ಕ.”